ನಾಲ್ಕು ಮಿಲಿಮೀಟರ್ ಮೇಲೆ

...ಬಾಗಿಲು ಹಾಕ್ಕೊಂಡು ಬಾ ಗಾಸ್ಪಾರ್, ಹಿಮದ ಗಾಳಿ ಒಳಗೆ ನುಗ್ತಾ ಇದೆ. ಗೊತ್ತು, ಯಾಕೆ ಬಂದೆ ಅಂತ ಗೊತ್ತು. ನಿನ್ನ ಹೆಂಡ್ತಿ ಓಡಿಲ್ ಚರ್ಚಿನ ಮೆಟ್ಟಿಲಿಂದ ಬಿದ್ಲು, ಸೊಂಟದ ಮೂಳೆ ಮುರೀತು, ಅದಕ್ಕೆ ನಾನು ಕೊಟ್ಟ ಕನ್ನಡಕವೇ ಕಾರಣ. ಇದೇ ತಾನೆ? ಬೇಕರಿಯಲ್ಲಿ ಎರಡು ದಿನದಿಂದ ಇದೇ ಮಾತಂತೆ. ಇಪ್ಪತ್ತೊಂಬತ್ತು ವರ್ಷ ಈ ಕಣಿವೆಯವರ ಮೂಗಿನ ಮೇಲೆ ಕನ್ನಡಕ ಕೂರಿಸಿದ ಅರ್ಸೆನ್ ಈಗ ಜನರ ಸೊಂಟ ಮುರೀತಾನಂತೆ. ಚೆನ್ನಾಗಿದೆ.

ಆ ಚೀಟಿ ಜೇಬಲ್ಲೇ ಇರ್ಲಿ. ವಕೀಲರ ಕಾಗದ ಊಟ ಆದ್ಮೇಲೆ ನೋಡ್ತೀನಿ. ಕನ್ನಡಕ ಇಲ್ಲಿಡು.

ನೋಡು, ಇದು ಅವಳ ಹಳೇ ಗಾಜಿನ ಹಾಗಲ್ಲ. ಮೇಲುಗಡೆ ದೂರಕ್ಕೆ, ಕೆಳಗಡೆ ಓದೋಕೆ, ನಡುವೆ ಇಕ್ಕಟ್ಟಿನ ಒಂದು ಓಣಿ. ಓಣಿಯ ಆಚೀಚೆ ಮಸುಕು. ಆ ಮಸುಕನ್ನ ಯಾವ ಪುಣ್ಯಾತ್ಮನೂ ತೆಗೆಯೋಕಾಗಲ್ಲ. ಜಮಖಾನದ ಉಬ್ಬಿನ ಹಾಗೆ, ಇಲ್ಲಿ ಒತ್ತಿದ್ರೆ ಅಲ್ಲಿ ಏಳುತ್ತೆ. ಗಾಜಿನ ನಕ್ಷೆ ಹಾಕೋರು ಅದನ್ನ ಅಂಚಿಗೆ ತಳ್ತಾರೆ, ಅಷ್ಟೇ. ಮಿಕ್ಕಿದ್ದು ಹಾಕ್ಕೊಳ್ಳೋರ ಕೆಲಸ. ಮೆಟ್ಟಿಲಿಳಿಯೋವಾಗ ಗದ್ದ ಎದೆಗೆ ತಾಗಿಸಿ ಮೇಲಿನ ಭಾಗದಿಂದ ನೋಡು ಅಂತ ಮೂರು ಸಲ ಹೇಳಿದ್ದೆ. ಅವಳು ಯಾರ ಮಾತು ಕೇಳ್ತಾಳೆ, ನೀನೇ ಹೇಳು.

ಯಾಕೆ ನಗ್ತೀಯ? ನನ್ನ ಅಂಗಡಿಯಲ್ಲಿ ನಿಂತು ನನ್ನನ್ನೇ ನೋಡಿ ನಗಬೇಡ.

ಇದೇನು, ಗಾಜಿನ ಮೇಲೆ ಶಾಯಿ? ಓಹೋ... ಗಾಜಲ್ಲಿ ಕಣ್ಣಿಗೆ ಕಾಣದ ಹಾಗೆ ಕೊರೆದಿರೋ ಗುರುತು ಹುಡುಕಿದ್ದೀಯ. ಉಸಿರು ಊದಿ, ಬೆಳಕಿಗೆ ಹಿಡಿದು... ಫ್ರೇಮಿನ ಕಾರ್ಖಾನೆಯಲ್ಲಿ ಕೀಲು ಬೆಸೆಯೋನಿಗೆ ನನ್ನ ಕಸುಬೂ ಬಂತಾ? ಈ ಊರಿನ ದರಿದ್ರವೇ ಇದು. ಅರ್ಧ ಊರು ಕನ್ನಡಕ ಮಾಡುತ್ತೆ, ಒಬ್ಬೊಬ್ಬನೂ ಪಂಡಿತ. ಸರಿ, ನೀಲಿ ಚುಕ್ಕೆ ಅವಳ ಕಣ್ಣಪಾಪೆ ಇಲ್ಲಿದೆ ಅಂತ ನಾನು ಇಟ್ಟ ಎತ್ತರ. ಈ ಕೆಂಪು? ಆಸ್ಪತ್ರೆಯಲ್ಲಿ ಅವಳನ್ನ ಎತ್ತಿ ಕೂರಿಸಿ, ಎದುರು ಕೂತು ನೀನು ಇಟ್ಟಿದ್ದು. ಹೂಂ ಅನ್ನೋಕೂ ಬಾಯಿಲ್ಲ ನಿನಗೆ. ಶಾಲೆಯಲ್ಲೂ ಹೀಗೇ ಇದ್ದೆ, ಗೂಟದ ಹಾಗೆ.

ಕೊಡು ಸ್ಕೇಲು.

ನಾಲ್ಕು. ಎರಡೂ ಕಣ್ಣಿಗೆ ನನ್ನ ಚುಕ್ಕೆ ನಾಲ್ಕು ಮಿಲಿಮೀಟರ್ ಮೇಲೆ...

ನೀನೇ ಮೂಗಿನ ಹತ್ರ ತಂತಿ ಬಗ್ಗಿಸಿರಬೇಕು, ಕನ್ನಡಕ ಮೇಲೇರಿದೆ. ಇಲ್ವಾ? ಮತ್ತೆ ನಾನು ತಪ್ಪಿದೆ ಅಂತೀಯಾ? ಒಂದು ಮಿಲಿಮೀಟರ್ ತಪ್ಪಿದ್ರೆ ಕಸುಬು ಕಲಿಸಿದ ಮೇಷ್ಟ್ರು ಕಿವಿ ಹಿಂಡ್ತಿದ್ರು. ಸ್ಟೂಲು ಎಳ್ಕೊಂಡು, ಮಂಡಿಗೆ ಮಂಡಿ ತಾಗೋ ಹಾಗೆ, ಕಣ್ಣಿಗೆ ಕಣ್ಣು ಸಮ ಕೂತು ಚುಕ್ಕೆ ಇಡಬೇಕು. ನಿಂತು ಇಟ್ರೆ ಕೂತವರು ನಮ್ಮ ಮುಖ ನೋಡೋಕೆ ಕಣ್ಣೆತ್ತುತ್ತಾರೆ, ಚುಕ್ಕೆನೂ ಮೇಲೆ ಹೋಗುತ್ತೆ. ಆಮೇಲೆ ನೇರ ನೋಡಿದ್ರೂ ಮಂಜು, ಕಾಲ ಕೆಳಗೆ ನೋಡಿದ್ರೆ ಮೆಟ್ಟಿಲೇ ಕಾಣಲ್ಲ. ಮೊದಲ ವರ್ಷದ ಪಾಠ ಇದು.

ಸ್ಟೂಲನ್ನ ಯಾಕೆ ನೋಡ್ತೀಯ? ಕೂತೇ ಇಟ್ಟೆ. ಕೂತಿದ್ದೆ ಅಂದ್ನಲ್ಲ... ಬಾಯಿ ಬಿಡೋ ಮಾರಾಯ. ಬೈಯಿ, ಕೊರಳಪಟ್ಟಿ ಹಿಡಿ. ಹೀಗೆ ಸುಮ್ಮನೆ ನಿಂತು ನನ್ನ ಪ್ರಾಣ ತಿನ್ನಬೇಡ.

ಸರಿ. ನಿಂತಿದ್ದೆ. ಸಾಕಾ?

ಕೂರೋಕಾಗಲಿಲ್ಲ ಕಣೋ. ಆ ಕುರ್ಚಿಯಲ್ಲಿ ಕೂತು, ಕಣ್ಣೆತ್ತಿ ನನ್ನನ್ನೇ ನೋಡ್ತಾ ಹೇಳಿದ್ಲು, ಅರ್ಸೆನ್, ಇನ್ಮೇಲೆ ಸೋಮವಾರ ನಾನು ಬರಲ್ಲ, ಗಾಸ್ಪಾರ್ ಒಳ್ಳೆಯವನು ಅಂತ. ನಾಲ್ಕು ವರ್ಷ, ನಾನು ಅಂಗಡಿ ಮುಚ್ಚೋ ಸೋಮವಾರ, ನೀನು ಕಾರ್ಖಾನೆಯಲ್ಲಿರೋ ಸೋಮವಾರ... ಒಂದೇ ಮಾತಲ್ಲಿ ಮುಗಿಸಿದ್ಲು. ಆ ಮುಖದ ಸಮಕ್ಕೆ ನಾನು ಹೇಗೆ ಕೂರ್ಲಿ? ಪೆನ್ನು ಕೈಯಲ್ಲಿತ್ತು. ನಿಂತಲ್ಲೇ ಇಟ್ಟೆ. ಇಡೋವಾಗಲೇ ತಪ್ಪು ಅಂತ ಗೊತ್ತಿತ್ತು. ಮತ್ತೆ ಕರೆಸಿ ಅಳೀಬೇಕಿತ್ತು. ಕರೆಸಿದ್ರೆ ಬಂದು ಅದೇ ಮಾತು ಇನ್ನೊಂದು ಸಲ ಹೇಳೋಳು. ಅದಕ್ಕೇ ಕರೀಲಿಲ್ಲ. ಹಾಗೇ ಗಾಜು ಕೂರಿಸಿ ಕೊಟ್ಟುಬಿಟ್ಟೆ.

ಇದೆಲ್ಲಾ ಅವಳು ನಿನಗೆ ಆಗಲೇ ಹೇಳಿರ್ಬೇಕಲ್ಲ, ಮತ್ತೆ ನನ್ನ ಬಾಯಿಂದ ಯಾಕೆ ಹೊರಡಿಸ್ತೀಯ?

ಗಾಸ್ಪಾರ್? ಯಾಕೆ ಕೂತ್ಬಿಟ್ಟೆ? ನೀರು... ತಡಿ, ಆ ಚೀಟಿ ಇತ್ತ ಕೊಡು. ಇದು ವಕೀಲರದ್ದಲ್ಲ, ಓಡಿಲ್ ಕೈಬರಹ.

"ಅರ್ಸೆನ್, ಮೆಟ್ಟಿಲ ಮೇಲೆ ಮಂಜುಗಡ್ಡೆ ಇತ್ತು, ನಿನ್ನ ತಪ್ಪೇನಿಲ್ಲ. ಕೆಂಪು ಚುಕ್ಕೆಗೆ ಸರಿಯಾಗಿ ಗಾಜು ಬದಲಾಯಿಸಿ ಕೊಡು."

ಇಷ್ಟೇನಾ? ಇಷ್ಟಕ್ಕೇನಾ ನೀನು ಬಂದಿದ್ದು?