ಗೆರೆಯಕ್ಕನ ಹಗಲು ಪಾಳಿ

ಮಧ್ಯಾಹ್ನ ಮೂರಕ್ಕೇ ಕ್ರೇನುಗಳನ್ನು ನಿಲ್ಲಿಸಿಬಿಟ್ಟಿದ್ದರು. ಗಾಳಿ ಹಾಗಿತ್ತು. ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ನದಿಯ ಆಚೆ ದಡ ಕಾಣಿಸುತ್ತಿರಲಿಲ್ಲ. ಸರಕು ಏರಿಸಿ ಇಳಿಸುವ ಒಂಬತ್ತನೇ ದಕ್ಕೆಯ ಹಿಂದಿನ ವಿಶ್ರಾಂತಿ ಕೋಣೆಯಲ್ಲಿ ನಾವು ನಾಲ್ಕು ಜನ ಸಿಕ್ಕಿಹಾಕಿಕೊಂಡಿದ್ದೆವು. ಕ್ರೇನ್ ನಡೆಸುವ ನಾನು, ಫೋರ್ಕ್‌ಲಿಫ್ಟ್ ಓಡಿಸುವ ಒಬ್ಬ ಗಟ್ಟಿಗಿತ್ತಿ, ಸರಕಿಗಾಗಿ ಬೆಳಿಗ್ಗೆಯಿಂದ ಕಾಯುತ್ತಿದ್ದ ಲಾರಿ ಡ್ರೈವರ್, ಮತ್ತೆ ಮೇಸ್ತ್ರಿ ತಾತ. ತಾತ ನಿವೃತ್ತರಾಗಿ ಇಪ್ಪತ್ತು ವರ್ಷವಾಯಿತು. ಆದರೂ ದಿನಾ ಬರುತ್ತಾರೆ. ತಾವು ಬಂದು ನೋಡದಿದ್ದರೆ ಬಂದರು ಎದ್ದು ಎಲ್ಲಿಗಾದರೂ ಹೋಗಿಬಿಡುತ್ತದೆ ಎಂದು ಅವರಿಗೆ ಅನುಮಾನ.

ಡ್ರೈವರ್‌ಗೆ ನಮ್ಮ ಬಂದರು ಹೊಸದು. ಕಾದು ಕಾದು ಅವನ ತಲೆ ಕೆಟ್ಟಿತ್ತು. "ಬೇರೆ ಕಡೆ ಆಗಿದ್ರೆ ಇಷ್ಟೊತ್ತಿಗೆ ಲೋಡ್ ಮಾಡಿ ಕಳಿಸಿರೋರು. ಇಲ್ಲಿ ಎಲ್ಲದಕ್ಕೂ ಅಳತೆ, ಎಲ್ಲದಕ್ಕೂ ತಪಾಸಣೆ. ಅಷ್ಟೊಂದು ಹೆದರಿಕೆನಾ ನಿಮಗೆ?" ಎಂದ.

ತಾತ ಚಹಾ ಲೋಟ ಕೆಳಗಿಟ್ಟರು. ಏನು ಬರುತ್ತದೆಂದು ಗೊತ್ತಿದ್ದ ನಾವಿಬ್ಬರೂ ಸ್ಟೂಲು ಎಳೆದುಕೊಂಡು ಹತ್ತಿರ ಸರಿದೆವು.

"ಹೆದರಿಕೆ ಅಲ್ಲಪ್ಪಾ... ಮರ್ಯಾದೆ. ಒಂದು ದೆವ್ವಕ್ಕೆ ಕೊಡೋ ಮರ್ಯಾದೆ. ಈಗ ಈ ಒಂಬತ್ತು ದಕ್ಕೆ, ರೈಲು ಹಳಿ, ಒಂದರ ಮೇಲೊಂದು ಪೇರಿಸಿಟ್ಟಿರೋ ಕಂಟೈನರು ನೋಡ್ತಿದೀಯಲ್ಲ, ನಾನು ಚಿಕ್ಕವನಿದ್ದಾಗ ಇಲ್ಲಿ ಏನಿತ್ತು ಗೊತ್ತಾ? ಹನ್ನೊಂದು ಕಲ್ಲಿನ ಮೆಟ್ಟಿಲು. ದೋಣಿ ಕಟ್ಟೋಕೆ ಒಂದು ಗೂಟ. ಅಷ್ಟೇ! ಉಪ್ಪು, ಹೆಂಚು, ಕಾಳಿನ ಮೂಟೆ, ಎಲ್ಲಾ ಹಮಾಲರ ತಲೆ ಮೇಲೇ ಹೋಗಬೇಕು, ತಲೆ ಮೇಲೇ ಬರಬೇಕು. ದೋಣಿಗೆ ಎಷ್ಟು ತುಂಬೋದು? ಹಿಡಿಸಿದಷ್ಟು. ನೀರು ಅಂಚಿಗೆ ಬಂದ ಮೇಲೂ 'ಏನಾಗಲ್ಲ ಬಿಡೋ' ಅಂತ ಇನ್ನೆರಡು ಮೂಟೆ ಒಗೆಯೋದು. ಈ 'ಏನಾಗಲ್ಲ' ಅನ್ನೋ ಮಾತು ಈ ನದೀಲಿ ಎಷ್ಟು ಜನರನ್ನ ಮುಳುಗಿಸಿದೆಯೋ...

"ಹಾಗೇ ಒಂದು ಮಳೆಗಾಲದಲ್ಲಿ ಎರಡು ದೋಣಿ ಹೋದ್ವು. ಒಂದರಲ್ಲಿ ಗೆರೆಯಕ್ಕನ ಗಂಡ ಇದ್ದ. ಆಗಿನ್ನೂ ಅವಳಿಗೆ ಆ ಹೆಸರಿಲ್ಲ. ಮನೆಗಳ ಬಾಗಿಲು ಕಿಟಕಿಗೆ ಬಣ್ಣ ಹೊಡೆಯೋ ಕೆಲಸದವಳು. ಒಂದು ತಿಂಗಳು ಮನೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೊಂದು ದಿನ ಬಿಳಿ ಬಣ್ಣದ ಡಬ್ಬ ಹಿಡ್ಕೊಂಡು ಮೆಟ್ಟಿಲಿಗೆ ಬಂದ್ಲು. ಕಟ್ಟಿದ್ದ ದೋಣಿಯ ಪಕ್ಕಕ್ಕೆ ಬೆರಳ ಗೆಣ್ಣಿಂದ ಕುಟ್ಟಿ ಕುಟ್ಟಿ ಸದ್ದು ಕೇಳಿಸ್ಕೊಂಡ್ಲು, ಒಂದು ಗೆರೆ ಎಳೆದ್ಲು. 'ನೀರು ಇದನ್ನ ಮುಟ್ಟಿದ ಮೇಲೆ ಒಂದು ಕಾಳೂ ಹಾಕಬೇಡಿ' ಅಂದ್ಲು. ಯಾರು ಕೇಳಬೇಕು? ಮೂಗು ಮುರಿದ್ರು, ಗಂಡ ಸತ್ತು ತಲೆ ಕೆಟ್ಟಿದೆ ಅಂದ್ರು. ಅವಳು ಎರಡನೇ ದೋಣಿಗೆ ಹೋದ್ಲು, ಮೂರನೇದಕ್ಕೆ ಹೋದ್ಲು... ಗೆರೆ ಮುಗಿಯೋ ಕಡೆ ಹೆಬ್ಬೆರಳು ಒತ್ತೋಳು. 'ನನಗೆ ಬರೆಯೋಕೆ ಬರಲ್ಲ, ಇದೇ ನನ್ನ ಸಹಿ' ಅನ್ನೋಳು.

"ಗೆರೆಗೆ ಬೆಲೆ ಕೊಟ್ಟ ದೋಣಿ ಒಂದೂ ಮುಳುಗಲಿಲ್ಲ ಕಣಪ್ಪಾ. ವ್ಯಾಪಾರಿಗಳಿಗೆ ಇನ್ನೇನು ಬೇಕು? ಎಲ್ಲೆಲ್ಲಿಂದಲೋ ಬಂದು 'ಗೆರೆ ಇದೆಯಾ?' ಅಂತ ಕೇಳಿ ಸರಕು ಕೊಡೋಕೆ ಶುರು ಮಾಡಿದ್ರು. ಮೆಟ್ಟಿಲು ಸಾಲದೆ ಮರದ ಕಟ್ಟೆ ಬಂತು, ಅದೂ ಸಾಲದೆ ಕಲ್ಲಿನ ದಕ್ಕೆ ಬಂತು, ಒಂದು ಉಗಿ ಕ್ರೇನು ಬಂತು. ಅದು ಮೊದಲ ಸಲ ಬುಸ್ ಅಂದಾಗ ನಮ್ಮಪ್ಪ, ಎರಡು ಮೂಟೆ ಒಟ್ಟಿಗೆ ಹೊರೋ ಆಸಾಮಿ, ಎದ್ದುಬಿದ್ದು ಓಡಿದ್ದ! ದೋಣಿ ಹೋಗಿ ಕಬ್ಬಿಣದ ಬಾರ್ಜು ಬಂದಾಗಲೂ ಗೆರೆ ಎಳೆಯೋಳು ಅವಳೇ. ಒಬ್ಬ ಹೆಂಗಸು ಒಂದು ಡಬ್ಬ ಬಣ್ಣ ಇಟ್ಕೊಂಡು ಬಂದರು ಕಟ್ಟಿದ್ಲು ಅಂದ್ರೆ ನಂಬ್ತೀಯಾ? ನಾನು ಕಣ್ಣಾರೆ ಕಂಡವನು. ಈಗಲೂ ನೆನೆಸ್ಕೊಂಡ್ರೆ ಎದೆ ತುಂಬಿ ಬರುತ್ತೆ.

"ಕೊನೆಗೆ ಜ್ವರ ಬಂದು ಹೋದ್ಲು. ಡಬ್ಬ, ಬ್ರಷ್ಷು ನನ್ನ ಕೈಗೆ ಬಂತು. ನಾನಾಗ ಲೋಡಿಂಗ್ ಮೇಸ್ತ್ರಿ. ಅವಳು ಹೋದ ಮೂರನೇ ವರ್ಷ ಅಂತ ಕಾಣುತ್ತೆ, ಒಂದು ಹೊಸ ಸಿಮೆಂಟ್ ಕಾರ್ಖಾನೆಯ ಏಜೆಂಟ್ ಬಂದ. ಯಂತ್ರದ ಪೆಟ್ಟಿಗೆಗಳೆಲ್ಲ ಒಂದೇ ಬಾರ್ಜಿನಲ್ಲಿ, ಒಂದೇ ಸಲಕ್ಕೆ ಹೋಗಬೇಕು. ಹೋದ್ರೆ ಇನ್ನು ಮುಂದೆ ಕಾರ್ಖಾನೆಯ ಸರಕೆಲ್ಲ ನಿಮ್ಮದು, ಇಲ್ಲಾಂದ್ರೆ ನದಿ ಕೆಳಗಿನ ಬಂದರಿಗೆ ಅಂದ. ಇನ್ನೂರು ಹಮಾಲರ ಮನೆ ಒಲೆ ಈ ದಕ್ಕೆ ನಂಬ್ಕೊಂಡು ಉರೀತಿತ್ತು. ಸರಿ, ಆ ಬಾರ್ಜು ನಡೆಸೋನು ಯಾರು? ನನ್ನ ಒಡಹುಟ್ಟಿದ ತಮ್ಮ. ನಾನೇನು ಮಾಡ್ದೆ ಗೊತ್ತಾ?... ಹಳೇ ಗೆರೆ ಮೇಲೆ ಡಾಂಬರು ಬಳಿದು, ಒಂದು ಗೇಣು ಮೇಲೆ ಹೊಸ ಗೆರೆ ಎಳೆದೆ. ತಮ್ಮ ಹೋಗೋ ಬಾರ್ಜಿಗೆ! ಅವನಿಗೂ ಹೇಳದೆ! ಏನಾಗಲ್ಲ ಅಂದ್ಕೊಂಡೆ ನಾನೂ.

"ಊಟ ಮುಗಿಸಿ ಬಂದು ನೋಡಿದ್ರೆ ಗೆರೆ ಹಳೇ ಜಾಗದಲ್ಲೇ ಇದೆ. ಹಸಿ ಬಣ್ಣ. ಕೊನೇಲಿ ಹೆಬ್ಬೆರಳು. ಹಮಾಲರ ಜನ್ಮ ಜಾಲಾಡಿದೆ, ಯಾವನ್ರೋ ಇದು ತಮಾಷೆ ಮಾಡಿದ್ದು ಅಂತ. ಮತ್ತೆ ಡಾಂಬರು, ಮತ್ತೆ ಹೊಸ ಗೆರೆ. ಮಾರನೇ ದಿನ ಊಟದ ಹೊತ್ತು ಕಳೀತು, ಮತ್ತೆ ಅದೇ ಕತೆ! ಮೂರನೇ ದಿನ ಡಬ್ಬ ಪೆಟ್ಟಿಗೇಲಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು, ಊಟ ಬಿಟ್ಟು, ಪೆಟ್ಟಿಗೆಗಳ ಮರೇಲಿ ಕೂತೆ.

"ಸುಡುಬಿಸಿಲು. ದಕ್ಕೆ ಮೇಲೆ ನರಪಿಳ್ಳೆ ಇಲ್ಲ. ಬಾರ್ಜಿನ ಪಕ್ಕಕ್ಕೆ, ಬಣ್ಣ ಹೊಡೆಯೋರು ಕೂರೋ ಹಲಗೆ ಎರಡು ಹಗ್ಗದಲ್ಲಿ ನೇತಾಡ್ತಿತ್ತು. ಗಾಳಿಗೆ ಸುಮ್ಮನೆ ಆಡ್ತಿತ್ತು... ಇದ್ದಕ್ಕಿದ್ದ ಹಾಗೆ ಎರಡೂ ಹಗ್ಗ ಬಿಗಿಯಾದ್ವು. ಹಲಗೆ ನಿಂತಿತು. ಯಾರಾದ್ರೂ ಕೂತ್ರೆ ನಿಲ್ಲುತ್ತಲ್ಲ, ಹಾಗೆ. ಆದ್ರೆ ಹಲಗೆ ಮೇಲೆ ಯಾರೂ ಇಲ್ಲ! ಟಕ್... ಟಕ್... ಅಂತ ಕಬ್ಬಿಣ ಕುಟ್ಟೋ ಸದ್ದು. ಆಮೇಲೆ ಆ ಕಪ್ಪು ಡಾಂಬರಿನ ಮೇಲೆ, ಎಡದಿಂದ ಬಲಕ್ಕೆ, ಬಿಳಿ ಗೆರೆ ತಾನಾಗಿ ಬೆಳೀತಾ ಹೋಯ್ತು... ದೆವ್ವ ಅಂದ್ರೆ ರಾತ್ರಿನೇ ಬರಬೇಕು ಅಂತ ಯಾರು ಹೇಳಿದ್ದು ನಿಮಗೆ? ಅವಳು ಬದುಕಿದ್ದಾಗಲೂ ಹಗಲು ಪಾಳಿ, ಸತ್ತ ಮೇಲೂ ಹಗಲು ಪಾಳಿ!"

ಫೋರ್ಕ್‌ಲಿಫ್ಟ್‌ನವಳು ನಕ್ಕಳು. ತಾತ ನಗಲಿಲ್ಲ, ಹಾಗಾಗಿ ಅವಳೂ ನಗು ನಿಲ್ಲಿಸಿದಳು.

"ಕೂತಲ್ಲಿಂದಲೇ ಕೈ ಮುಗಿದೆ. ಬೇಡ್ಕೊಂಡೆ. 'ಅಕ್ಕಾ, ಇನ್ನೂರು ಮನೆ ಒಲೆ ಆರಿಹೋಗುತ್ತೆ. ಇದೊಂದು ಸಲ ಬಿಟ್ಟುಬಿಡು' ಅಂದೆ. ಗೆರೆ ಅರ್ಧಕ್ಕೇ ನಿಂತಿತು. ಕೇಳಿಸ್ಕೊಂಡ್ಲು, ಬಚಾವಾದೆ ಅಂದ್ಕೊಂಡೆ... ಏನಾಯ್ತು ಹೇಳಿ? ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಇನ್ನೊಂದು ಗೆರೆ ಶುರುವಾಯ್ತು! ಈ ಸಲ ನಿಲ್ಲಲಿಲ್ಲ. ಕೊನೆವರೆಗೂ ಹೋಗಿ, ಹೆಬ್ಬೆರಳ ಗುರುತು ಬಿತ್ತು. ಹಗ್ಗ ಸಡಿಲ ಆಯ್ತು.

"ನಾಚಿಕೆ ಬಿಟ್ಟು ತಮ್ಮನಿಗೆ ಎಲ್ಲಾ ಹೇಳಿದೆ, ನಾನು ಮಾಡಿದ ಮೋಸಾನೂ ಸೇರಿಸಿ. ಅವನು ನನ್ನನ್ನ ಬೈಯಲಿಲ್ಲ. ಒಂದು ಸಲ ನೋಡ್ದ ಅಷ್ಟೇ, ಬೈದಿದ್ರೆ ಚೆನ್ನಾಗಿತ್ತು. 'ಅಕ್ಕ ಎಳೆದಷ್ಟೇ ಲೋಡು ಅಣ್ಣಾ' ಅಂದ. ಅರ್ಧ ಪೆಟ್ಟಿಗೆ ದಕ್ಕೆ ಮೇಲೇ ಉಳೀತು. ಏಜೆಂಟು ಬಾಯಿಗೆ ಬಂದ ಹಾಗೆ ಬೈದು ಹೋದ. ಕೆಲಸ ಕೈ ತಪ್ಪಿತು ಅಂತ ನಾನು ತಲೆ ಮೇಲೆ ಕೈ ಹೊತ್ಕೊಂಡು ಕೂತೆ.

"ಎಂಟನೇ ದಿನ ತಮ್ಮ ವಾಪಸ್ ಬಂದ. ಮುಖದಲ್ಲಿ ರಕ್ತ ಇರಲಿಲ್ಲ. ದೊಡ್ಡ ತಿರುವಿನಲ್ಲಿ ನೀರು ಇಳಿದು, ಹಿಂದಿನ ವಾರ ಇಲ್ಲದಿದ್ದ ಮರಳು ದಿಬ್ಬ ಎದ್ದಿದೆ. ಮೇಲಿಂದ ನೋಡಿದ್ರೆ ಬರೀ ನೀರು. ಬಾರ್ಜಿನ ತಳ ಅದರ ಮೇಲೆ, ಮುಂದಿನಿಂದ ಹಿಂದಿನವರೆಗೂ, ಸರ್ರ್... ಅಂತ ಉಜ್ಜಿಕೊಂಡು ದಾಟಿದೆ. 'ಕಾಲ ಕೆಳಗೇ ಕೇಳಿಸ್ತು ಅಣ್ಣಾ. ಇನ್ನೆರಡು ಬೆರಳು ಇಳಿದಿದ್ರೂ ಕಚ್ಕೊಂಡು ನಿಲ್ತಿತ್ತು, ಸೆಳವಿಗೆ ಅಡ್ಡ ತಿರುಗಿ ಎರಡು ಹೋಳಾಗ್ತಿತ್ತು' ಅಂದ. ಅವನನ್ನ ತಬ್ಕೊಂಡು, ದಕ್ಕೆ ಮೇಲೆ ಎಲ್ಲರ ಎದುರಿಗೆ, ಚಿಕ್ಕ ಮಕ್ಕಳ ಹಾಗೆ ಅತ್ತೆ ನಾನು.

"ವಿಷಯ ಕಾರ್ಖಾನೆ ಯಜಮಾನನ ಕಿವಿಗೆ ಬಿತ್ತು. ಏಜೆಂಟನ್ನ ಬಿಟ್ಟು ತಾನೇ ಬಂದ. 'ಯಾರು ಏನಂದ್ರೂ ಅಲ್ಲಾಡದ ಗೆರೆ ಇರೋ ಬಂದರು ನನಗೆ ಬೇಕು' ಅಂದ. ನಾಲ್ಕನೇ ದಕ್ಕೆ ಎದ್ದಿದ್ದು ಆ ಸಿಮೆಂಟಿಗೆ. ಅದರ ಹಿಂದೆ ರೈಲು ಬಂತು, ರೈಲಿನ ಹಿಂದೆ ಮಿಕ್ಕಿದ್ದೆಲ್ಲ ಬಂತು. ಇಂಥ ಬಂದರು ಈ ನದೀಲಿ ಇನ್ನೊಂದು ತೋರ್ಸಿ ನೋಡೋಣ!"

"ಈಗ ಬಾರ್ಜುಗಳಿಗೆ ಗುರುತು ಬೆಸುಗೆ ಹಾಕಿಬಿಡ್ತಾರಲ್ಲ ತಾತ. ಪಾಪ, ಅವಳಿಗೆ ಕೆಲಸ ಇಲ್ಲ," ಎಂದು ನಾನು ಕೆಣಕಿದೆ.

"ಸುಮ್ಮನೆ ಕೂರೋ ಹೆಂಗಸಾ ಅವಳು? ಹನ್ನೆರಡು ವರ್ಷದ ಹಿಂದೆ ದೊಡ್ಡ ನೆರೆ ಬಂತಲ್ಲ, ಅವತ್ತು ಮಧ್ಯಾಹ್ನ ಎರಡನೇ ಗೋದಾಮಿನ ಒಳಗೋಡೆಗೆ, ಎದೆ ಎತ್ತರಕ್ಕೆ, ಈ ಕಡೆಯಿಂದ ಆ ಕಡೆಗೆ ಒಂದು ಬಿಳಿ ಗೆರೆ ಇತ್ತು. ಗೋಡೆ ಹಾಳು ಮಾಡಿದ್ದು ಯಾರು ಅಂತ ಸಾಹೇಬರು ವಿಚಾರಣೆ ಶುರು ಮಾಡಿದ್ರು! ನಾನು ಕೂಗಾಡಿ, ಕಾಲಿಗೆ ಬಿದ್ದು, ಇದ್ದ ಮೂಟೆ ಅಷ್ಟನ್ನೂ ಮಹಡಿಗೆ ಹೊರಿಸ್ದೆ. ಸಂಜೆ ನದಿ ಒಳಗೆ ಬಂತು. ಏರಿ ಏರಿ ಆ ಗೆರೆ ಮುಟ್ಟಿ ನಿಂತಿತು. ಒಂದು ಕೂದಲೆಳೆ ಹೆಚ್ಚಿಲ್ಲ. ಕೆಳಗಿನ ಬಂದರು ಚೇತರಿಸ್ಕೊಳ್ಳೋಕೆ ಎರಡು ವರ್ಷ ಹಿಡೀತು. ನಾವು ಒಂಬತ್ತನೇ ದಿನ ಸರಕು ಏರಿಸಿದ್ವಿ."

ಡ್ರೈವರ್ ಜೋರಾಗಿ ನಕ್ಕ. "ಕತೆ ಚೆನ್ನಾಗಿದೆ ತಾತ, ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ," ಎನ್ನುತ್ತಾ ಗೋಡೆ ಪಕ್ಕದ ಬೆಂಚಿನಿಂದ ಎದ್ದು, ಮಳೆ ಕಡಿಮೆಯಾಯಿತೇ ಎಂದು ನೋಡಲು ಕಿಟಕಿಯ ಕಡೆ ತಿರುಗಿದ.

ತಾತ ಅವನ ಬೆನ್ನನ್ನೇ ನೋಡುತ್ತಾ ಮೆಲ್ಲಗೆ ಎದ್ದು ನಿಂತರು. ಅವರ ಮುಖ ನೋಡಿ ನಾವೂ ಎದ್ದೆವು.

"ಎಲ್ಲರೂ ಮೇಲಿನ ಮಹಡಿಗೆ ನಡೀರಿ... ಆ ಕಡೆ ದಕ್ಕೆಯವರಿಗೂ ಕೂಗಿ ಹೇಳಿ, ಬೇಗ! ಡ್ರೈವರಪ್ಪಾ, ಇಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದೆಯಲ್ಲ... ನಿನ್ನ ಅಂಗಿ ಬೆನ್ನಿಗೆ, ಭುಜದಿಂದ ಭುಜಕ್ಕೆ, ಬಿಳಿ ಬಣ್ಣ ಹತ್ತಿದೆ. ಇಲ್ಲ, ಮುಟ್ಟಿ ನೋಡ್ಕೋಬೇಡ, ಇನ್ನೂ ಹಸಿ ಇದೆ. ಮೊದಲು ಮೆಟ್ಟಿಲು ಹತ್ತು."