ಯಾರೂ ಮುಟ್ಟಿಲ್ಲ ಎಂದ ಸಾವ್ಕಾರ

ಆ ಸೋಮವಾರ ಬೆಳಗ್ಗೆ ಮೋಡ ಕವಿದಿತ್ತು. ಹನಿ ಬೀಳುತ್ತಿರಲಿಲ್ಲ, ಬಿಸಿಲೂ ಬರುತ್ತಿರಲಿಲ್ಲ. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಊರದು. ಇಂಥ ಬೆಳಗಿನಲ್ಲಿ ಮಗ್ಗಕ್ಕೆ ಏರಿಸುವ ಉದ್ದ ನೂಲಿನ ಹಾಸನ್ನು ಬೀದಿಗೆ ತಂದು ಚಾಚಲು ಯಾರಿಗೂ ಧೈರ್ಯವಾಗುವುದಿಲ್ಲ. ಹಾಗಾಗಿ ನೇಕಾರರೆಲ್ಲ ಬಿಡುವಾಗಿ ತಮ್ಮ ಸಂಘದ ಕಟ್ಟೆಗೆ ಬಂದು ಕುಳಿತಿದ್ದರು. ಆ ಸಂಘದ ಅಧ್ಯಕ್ಷ ಊರಿಗೇ ದೊಡ್ಡ ಸಾವ್ಕಾರ. ಅವನ ಹೆಸರು ಬೇಡ ತಾಯಂದಿರೇ. ಹೆಸರು ಹೇಳಿದರೆ ನೀವು ಅವನನ್ನು ಹುಡುಕಲು ಹೊರಡುತ್ತೀರಿ, ನಿಮ್ಮೊಳಗೆ ಹುಡುಕುವುದಿಲ್ಲ.

ಸಂಘದಲ್ಲಿ ನೀಲಗಂಗವ್ವ ಎಂಬ ಹೆಣ್ಣುಮಗಳು ಕೆಲಸಕ್ಕಿದ್ದಳು. ಎರಡು ವರ್ಷ ಮನೆಮನೆ ತಿರುಗಿ, ಟ್ರಂಕಿನ ತಳದಲ್ಲಿ ಹುಳ ಹಿಡಿದು ಕುಳಿತಿದ್ದ ಹಳೆಯ ಖಣಗಳ ಚಿತ್ರ ತೆಗೆದು, ಮುನ್ನೂರು ವಿನ್ಯಾಸಗಳ ಒಂದು ಜಾಲತಾಣ ಕಟ್ಟಿದ್ದಳು. ಅದು ಇನ್ನೂ ಲೋಕಕ್ಕೆ ಹೋಗಿರಲಿಲ್ಲ, ನೋಡಿ. ಸಂಘದ ಕೋಣೆಯ ಕಂಪ್ಯೂಟರಿನಲ್ಲೇ ಇತ್ತು, ಅಲ್ಲೇ ತೆರೆಯುತ್ತಿತ್ತು. ಊರವರು ನೋಡಿ ಒಪ್ಪಿದ ಮೇಲೆ ಹೊರಗೆ ಬಿಡುವುದೆಂದು ಮಾತಾಗಿತ್ತು. ನೋಡುವ ದಿನ ಅದೇ. ಎಲ್ಲರಿಗಿಂತ ಮೊದಲು ಬಂದಿದ್ದವನು ರಾಚಪ್ಪಜ್ಜ. ಅವನ ಅಪ್ಪ ನೇಯುತ್ತಿದ್ದ ಬೇವಿನೆಲೆಯ ಖಣ ಈಗ ಎಲ್ಲೂ ಇಲ್ಲ. ಇದ್ದ ಒಂದೇ ತುಂಡೂ ಕೈಯಲ್ಲೇ ಪುಡಿಯಾಗಿತ್ತು. ಉಳಿದದ್ದು ನೀಲಗಂಗವ್ವ ತೆಗೆದ ಚಿತ್ರ.

ಸಾವ್ಕಾರ ಬೀಗ ತೆಗೆಸಿ ತಾನೇ ಕಂಪ್ಯೂಟರಿನ ಮುಂದೆ ಕುಳಿತ. ಮೊದಲ ಪುಟ ಚೆಂದಾಗಿ ತೆರೆಯಿತು. ಬೇವಿನೆಲೆಯ ಹೆಸರು ಒತ್ತಿದ. 'ಈ ಪುಟ ಸಿಗಲಿಲ್ಲ' ಎಂದು ಬಂತು. ಇನ್ನೊಂದು ಒತ್ತಿದ. ಸಿಗಲಿಲ್ಲ. ಮತ್ತೊಂದು. ಸಿಗಲಿಲ್ಲ.

"ಬಾಗಲಾ ಭಾರಿ ಐತಿ ಸಾವ್ಕಾರ್ರ, ಒಳಗ ಮನೀನ ಇಲ್ಲಲ್ರಿ!" ಎಂದ ರಾಚಪ್ಪಜ್ಜ. ಜನ ನಕ್ಕರು. ಅಜ್ಜ ಮಾತ್ರ ನಗಲಿಲ್ಲ.

ಆ ನಗು ಸಾವ್ಕಾರನಿಗೆ ಚುಚ್ಚಿತು. "ಎರಡು ವರ್ಷ ಇದನ್ನ ಮಾಡಿದಿ ಏನ?" ಎಂದು ಬಾಗಿಲಲ್ಲಿ ನಿಂತಿದ್ದ ನೀಲಗಂಗವ್ವನ ಮೇಲೆ ಹರಿಹಾಯ್ದ.

"ಶನಿವಾರ ಸಂಜಿಮುಂದ ಎಲ್ಲಾ ತೆರೀತಿತ್ರಿ," ಎಂದಳು ಅವಳು. "ತಾಣ ಇದ್ದ ಜಾಗಾ ಏನರ ಬದಲಾಗೇತೇನ್ರಿ?"

"ಯಾರೂ ಮುಟ್ಟಿಲ್ಲ."

"ನಾ ಒಮ್ಮೆ ಕುಂತು ನೋಡ್ತೇನ್ರಿ..."

"ಸಾಕವಾ ನಿನ್ನ ನೋಡೂದು. ಕೀಲಿ ಇಲ್ಲಿಡು. ನಾಳಿಂದ ಬರಬ್ಯಾಡ."

ಅವಳು ಕೋಣೆಯ ಕೀಲಿಯನ್ನೂ ತನ್ನ ಕೆಲಸವನ್ನೆಲ್ಲ ಬರೆದಿಡುತ್ತಿದ್ದ ವಹಿಯನ್ನೂ ಮೇಜಿನ ಮೇಲಿಟ್ಟಳು. ಮನೆಗೆ ಹೋಗಲಿಲ್ಲ. ಹೊರಗೆ ಕಟ್ಟೆಯ ಕೊನೆಯಲ್ಲಿ, ಕಂಬಕ್ಕೆ ಒರಗಿ ನಿಂತಳು. ಹತ್ತಿರ ಇದ್ದವರು ಒಂದಿಷ್ಟು ಸರಿದು ಕುಳಿತರು. ಜನ ಹೀಗೆಯೇ, ಅಲ್ಲವೇ? ಗೊತ್ತಿಲ್ಲದಿದ್ದರೂ ಮೊದಲು ಸರಿದು ಕೂರುತ್ತೇವೆ.

ರಾಚಪ್ಪಜ್ಜ ಮಾತ್ರ ಕದಲಲಿಲ್ಲ. ಅವನು ತನ್ನಷ್ಟಕ್ಕೆ ತಾನೇ ಅನ್ನುವ ಹಾಗೆ ಅಂದ: "ಮಗ್ಗಾ ಎತ್ತಿ ಒಳಗಿನ ಕೋಣ್ಯಾಗ ಇಟ್ಟು, ಹಾಸಿನ ಹಗ್ಗ ಹಳೀ ಗೂಟಕ್ಕ ಬಿಟ್ರ ಹಿಂಗ ಆಕ್ಕೇತಿ. ನೋಡಾಕ ಮಗ್ಗ. ಎಳದ್ರ ಹಾಸ ಬರಾಂಗಿಲ್ಲ."

ಇನ್ನೂ ಪುಟಗಳನ್ನು ಒತ್ತುತ್ತಿದ್ದ ಸಾವ್ಕಾರನ ಕೈ ನಿಂತಿತು. ಅವನೂ ನೇಕಾರನ ಮಗನೇ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮಗ್ಗ ಸರಿಸಿದವನು, ಸರಿಸಿದ ಮೇಲೆ ಹಗ್ಗ ಬಿಚ್ಚಿ ಹೊಸ ಗೂಟಕ್ಕೆ ಕಟ್ಟಿದವನು.

ಆಗ ಅವನಿಗೆ ಭಾನುವಾರ ನೆನಪಾಯಿತು. ನೆನಪಾಯಿತು ಎಂದೆನೇ? ಅದು ಎಲ್ಲಿಗೆ ಹೋಗಿತ್ತು? ಅಲ್ಲೇ ಇತ್ತು. ತನ್ನ ಅಂಗಡಿಗೆಂದು ಅವನೂ ಒಂದು ಜಾಲತಾಣ ಮಾಡಿಸಿದ್ದ. ಭಾನುವಾರ ಮಧ್ಯಾಹ್ನ ಯಾರೂ ಇಲ್ಲದಾಗ ತನ್ನ ಹತ್ತಿರದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಬಂದು, ಮುಂದಿನ ಜಾಗ ತನ್ನದಕ್ಕೆ ಇರಲಿ ಎಂದು, ನೀಲಗಂಗವ್ವನ ಇಡೀ ತಾಣವನ್ನು 'ಹಳೇದು' ಎಂಬ ಒಂದು ಒಳ ಫೋಲ್ಡರಿಗೆ ಎಳೆದು ಹಾಕಿ, ಅದನ್ನು ತೆರೆಯುವ ಗುರುತನ್ನೂ ಅಲ್ಲಿಗೇ ತಿರುಗಿಸಿದ್ದ. ಇಷ್ಟೇ ಅಲ್ಲವೇ, ಇದರಲ್ಲೇನಿದೆ ಅಂದುಕೊಂಡಿದ್ದ. ದೊಡ್ಡ ತಪ್ಪು ಮಾಡಿದವನು ಮರೆಯುವುದಿಲ್ಲ, ಅಣ್ಣಂದಿರೇ. ಇಷ್ಟೇ ಅಲ್ಲವೇ ಅಂದುಕೊಂಡವನು ಮರೆಯುತ್ತಾನೆ.

ಮೇಜಿನ ಮೇಲಿನ ವಹಿ ತೆರೆದ. ಕೊನೆಯ ಹಾಳೆಯಲ್ಲಿ ದುಂಡಗಿನ ಅಕ್ಷರ: 'ತಾಣವನ್ನು ಒಳ ಫೋಲ್ಡರಿಗೆ ಸರಿಸಿದರೆ ಮೊದಲ ಪುಟ ತೆರೆಯುತ್ತದೆ, ಉಳಿದವು ಸಿಗುವುದಿಲ್ಲ. ತಾಣ ಅವನ್ನು ಹಳೆಯ ಜಾಗದಲ್ಲೇ ಹುಡುಕುತ್ತಿರುತ್ತದೆ. ಮೂಲ ವಿಳಾಸ ಬರೆದ ಎರಡು ಕಡೆಯೂ ಹೊಸ ಫೋಲ್ಡರಿನ ಹೆಸರು ಸೇರಿಸಬೇಕು.' ಆ ಎರಡು ಕಡೆ ಯಾವುವು ಎಂದೂ ಕೆಳಗೆ ಬರೆದಿತ್ತು. ಅವನು ಬೆರಳಿಟ್ಟು ಓದುತ್ತಾ, ಒಂದೊಂದೇ ಅಕ್ಷರ ಒತ್ತಿ ಸೇರಿಸಿದ. ಎರಡೇ ಎರಡು ಸಾಲು.

ಬೇವಿನೆಲೆ ತೆರೆಯಿತು. ಹಸಿರಿನ ಮೇಲೆ ಕೆಂಪು, ಎಳೆ ಎಳೆ ಕಾಣುವ ಹಾಗೆ. ರಾಚಪ್ಪಜ್ಜ ಎದ್ದು ಬಂದು ಪರದೆಯ ಮೇಲೆ ಅಂಗೈ ಇಟ್ಟ. "ಅಪ್ಪಾ," ಅಂದ. ಅಷ್ಟೇ ಅಂದ.

"ಸಾವ್ಕಾರ್ರ ಸ್ವತಃ ಕುಂತು ಸರಿ ಮಾಡಿದ್ರು ನೋಡ್ರಿ!" ಎಂದು ಕಟ್ಟೆಯವರು ಚಪ್ಪಾಳೆ ತಟ್ಟಿದರು.

ಈಗ ಇಲ್ಲಿ ನಿಲ್ಲೋಣ. ಕೆಟ್ಟದ್ದು ಸರಿಹೋಯಿತು. ಜನ ಹೊಗಳಿದರು. ಭಾನುವಾರ ಅವನನ್ನು ಕಂಡವರಿಲ್ಲ. ಸುಮ್ಮನಿದ್ದುಬಿಟ್ಟರೆ ಕೇಳುವವರು ಯಾರು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನನಗೆ ಹೇಳಬೇಡಿ, ನಿಮಗೆ ಹೇಳಿಕೊಳ್ಳಿ.

ಅವಳು ಕೇಳಿದ್ದು ಒಂದೇ ಮಾತು: ಜಾಗ ಬದಲಾಗಿದೆಯೇ? ಆ ಒಂದು ಮಾತಿಗೆ ನಿಜ ಹೇಳಿದ್ದರೆ ಎರಡು ಸಾಲಿನ ಕೆಲಸ. ಹೇಳದ್ದಕ್ಕೆ ಒಬ್ಬಳ ಎರಡು ವರ್ಷ ಬೀದಿಗೆ ಬಿತ್ತು. ನಾಳೆ ನಿಮ್ಮ ಮನೆಯಲ್ಲಿ ಏನೋ ಕೆಡುತ್ತದೆ. ಒಲೆ ಹೊತ್ತುವುದಿಲ್ಲ, ಕಾಗದ ಸಿಗುವುದಿಲ್ಲ, ಸೊಸೆ ಮಾತು ಬಿಡುತ್ತಾಳೆ. ಇನ್ನೊಬ್ಬರ ಹೆಸರು ನಾಲಿಗೆಗೆ ಬರುವ ಮುನ್ನ ಒಂದು ಗಳಿಗೆ ಕುಳಿತು ಕೇಳಿಕೊಳ್ಳಿ: ನಾನೇನು ಸರಿಸಿದೆ? ನಾನೇನು ಸರಿಸಿದೆ? ಉತ್ತರ ಸಿಕ್ಕರೆ, ದೂರಿದ ಜಾಗದಲ್ಲೇ ಹೇಳಿ, ದೂರು ಕೇಳಿದವರ ಎದುರೇ ಹೇಳಿ. ಕಟ್ಟೆಯ ಮೇಲೆ ತೆಗೆದ ಮಾನವನ್ನು ಅಡುಗೆಮನೆಯಲ್ಲಿ ಪಿಸುಗುಟ್ಟಿ ಹಿಂದಿರುಗಿಸಬೇಡಿ. ಅದು ಅಷ್ಟು ದೂರ ತಲುಪುವುದಿಲ್ಲ.

ಸಾವ್ಕಾರ ಏನು ಮಾಡಿದ?

ಚಪ್ಪಾಳೆ ನಿಲ್ಲುವವರೆಗೆ ತಲೆ ತಗ್ಗಿಸಿ ಕುಳಿತಿದ್ದ. ಆಮೇಲೆ ಮೇಜಿನ ಮೇಲಿನ ವಹಿ, ಕೀಲಿ ಎತ್ತಿಕೊಂಡು ಎದ್ದು, ಜನರ ನಡುವೆಯೇ ನಡೆದು, ಕಂಬದ ಹತ್ತಿರ ಹೋದ. ಮೋಡ ಇನ್ನೂ ಹಾಗೆಯೇ ಇತ್ತು. "ನಿನ್ನಿ ತಾಣದ ಜಾಗಾ ಸರಿಸಿದಾವ ನಾನವಾ," ಎಂದ. ಕೂಗಿ ಹೇಳಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಸರಿ ಮಾಡೂದೂ ನಿನ್ನ ವಹಿದಾಗ ಇತ್ತು."

ವಹಿಯ ಮೇಲೆ ಕೀಲಿ ಇಟ್ಟು, ಎರಡೂ ಕೈಯಿಂದ ಅವಳ ಕೈಗೆ ಕೊಟ್ಟ.