ಪಂಚಮಿಗೆ ಅಕ್ಕನನ್ನು ಕರೆಯಲು ಹೋದ ಸಾಹುಕಾರ

ಶರಣರೇ, ತಾಯಂದಿರೇ, ನಿನ್ನೆ ಹಿರಿಯರ ಸೇವೆಯ ಮಾತು ಬಂದಿತ್ತು. ಹಿರಿಯರ ಸೇವೆ ಮಾಡಬೇಕು ಎಂದು ನಾನು ಹೇಳಿದ ಕೂಡಲೇ ನೀವೆಲ್ಲ ತಲೆ ಅಲ್ಲಾಡಿಸಿದಿರಿ. ತಲೆ ಅಲ್ಲಾಡಿಸುವುದಕ್ಕೇನು, ಸುಲಭ. ಇವತ್ತು ಆ ಸೇವೆಯ ಮೇಲೆಯೇ ಒಂದು ಕಥೆ ಹೇಳುತ್ತೇನೆ. ಕಥೆ ಮುಗಿದ ಮೇಲೂ ಅಷ್ಟೇ ಸಲೀಸಾಗಿ ತಲೆ ಅಲ್ಲಾಡಿಸುತ್ತೀರೋ ಇಲ್ಲವೋ ನೋಡೋಣ.

ಅದೊಂದು ನೇಕಾರರ ಊರು. ಅಲ್ಲೊಬ್ಬ ಸೀರೆ ಸಾಹುಕಾರ. ಹೆಸರು ಬೇಡ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವನು ಯಾರ ಬೀಗ, ಯಾವ ಓಣಿ ಎಂದು ಹುಡುಕಲು ಕೂಡುತ್ತೀರಿ. ವಯಸ್ಸು ಎಪ್ಪತ್ತೈದು. ಸಣ್ಣವನಿದ್ದಾಗ ಮಗ್ಗದ ಕುಣಿಯಲ್ಲಿ ಕೂತು ನೇಯ್ದವನು, ಆಮೇಲೆ ಸ್ವಂತ ಅಂಗಡಿ ಮಾಡಿ ದೊಡ್ಡವನಾದ. ಊರಲ್ಲಿ ಅವನು ನಡೆದು ಬಂದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು.

ಅವನಿಗೊಬ್ಬಳು ಅಕ್ಕ. ಆಕೆಯ ಹೆಸರು ಮಾತ್ರ ಹೇಳುತ್ತೇನೆ, ಆಕೆ ಬೇಜಾರು ಮಾಡಿಕೊಳ್ಳುವವಳಲ್ಲ. ನೀಲಗಂಗವ್ವ. ಎಂಬತ್ತೆರಡು ವರ್ಷ. ಅದೇ ಊರಲ್ಲಿ, ಒಂದೇ ಓಣಿ ಆಚೆ ಕೊಟ್ಟ ಮನೆ. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಣ್ಣನೋ ತಮ್ಮನೋ ತಾನೇ ಹೋಗಿ ಕರೆಯಬೇಕು, ಆಗ ಅವಳು ತವರಿಗೆ ಬರಬೇಕು. ನೀಲಗಂಗವ್ವನ ಮದುವೆಯಾದ ವರ್ಷದಿಂದ ಈ ತಮ್ಮ ಒಂದು ಪಂಚಮಿಯನ್ನೂ ತಪ್ಪಿಸಿರಲಿಲ್ಲ. ಒಂದೇ ಓಣಿಯ ದೂರ. ಆದರೂ ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿ, ದೂರದೂರಿಗೆ ಹೊರಟವನಂತೆ ಹೋಗಿ ಬಾಗಿಲಲ್ಲಿ ನಿಂತು, "ಯಕ್ಕಾ, ಕರಿಯಾಕ ಬಂದೀನಿ" ಎನ್ನುತ್ತಿದ್ದ. ಆಕೆ ಚೀಲ ಹಿಡಿದು ಹೊರಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಏನಾಯಿತು? ಸಾಹುಕಾರ ಅಂಗಳದಲ್ಲಿ ನಿಂತಿದ್ದ. ಹಿಂದಿನಿಂದ ಯಾರೋ "ಸಾಹುಕಾರ್ರ" ಎಂದು ಕರೆದರು. ಗಕ್ಕನೆ ತಿರುಗಿದ. ಅಂಗಳವೇ ಗರಗರ ತಿರುಗಿದಂತಾಗಿ ದೊಪ್ಪನೆ ಬಿದ್ದ. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ಆದರೆ ಅಂದಿನಿಂದ ಎದ್ದರೆ ತಲೆ ತಿರುಗು, ಹೊರಳಿದರೆ ತಲೆ ತಿರುಗು. ಮತ್ತೆ ಬಿದ್ದೇನು ಎಂಬ ಅಂಜಿಕೆ ಅದಕ್ಕಿಂತ ಹೆಚ್ಚು.

ಮಗನಿಗೆ ಅಪ್ಪನೆಂದರೆ ಜೀವ. ಒಂದು ಮೆತ್ತನೆಯ ಕುರ್ಚಿ ತಂದ. ಪಕ್ಕದಲ್ಲಿ ಹಿತ್ತಾಳೆಯ ಕೈಗಂಟೆ ಇಟ್ಟ. "ಅಪ್ಪಾರ, ಇನ್ ಮ್ಯಾಲೆ ನೀವು ಏಳೂದು ಬ್ಯಾಡ. ಏನ್ ಬೇಕಾದ್ರೂ ಗಂಟಿ ಬಾರಸ್ರಿ" ಎಂದ. ಗಂಟೆ ಬಾರಿಸಿದರೆ ನೀರು ಬಂತು. ಗಂಟೆ ಬಾರಿಸಿದರೆ ಚಹಾ ಬಂತು. ಗಂಟೆ ಬಾರಿಸಿದರೆ ಪೂಜೆಯ ತಟ್ಟೆಯೂ ಕುರ್ಚಿಗೇ ಬಂತು. ನೋಡಿ, ಆ ಗಂಟೆ ಮೊದಲು ದೇವರ ಮುಂದೆ ಇತ್ತು! ಊರವರು ಬಂದು ನೋಡಿ, ಮಗನೆಂದರೆ ಇವನು, ಮನೆಯೆಂದರೆ ಇದು ಎಂದು ಹೊಗಳಿದರು. ನಾನಾಗಿದ್ದರೂ ಹೊಗಳುತ್ತಿದ್ದೆ.

ಆದರೆ ತಲೆ ತಿರುಗುವುದು ಕಡಿಮೆಯಾಯಿತೇ? ಇಲ್ಲ. ಕೂತು ಕೂತು ತೊಡೆ ಬಡಕಲಾಯಿತು. ಬಚ್ಚಲಿಗೆ ಹೋಗಲೂ ಇಬ್ಬರು ಹಿಡಿಯಬೇಕಾಯಿತು. ಇಬ್ಬರು ಹಿಡಿದರೂ ತಲೆ ತಿರುಗಿತು.

ಅಷ್ಟರಲ್ಲಿ ಪಂಚಮಿ ಬಂತು. ಮಗ ಏನು ಮಾಡಿದ ಗೊತ್ತೇ? ಸೋದರತ್ತೆಯನ್ನು ಕರೆತರಲು ಕಾರು ಕಳಿಸಿದ. ಒಂದೇ ಓಣಿಯ ದೂರಕ್ಕೆ! ಓಣಿಯಲ್ಲಿ ಕಾರು ಹಿಡಿಸುವುದಿಲ್ಲ, ಅದಕ್ಕೆ ಪೇಟೆ ಸುತ್ತಿ, ಹಳ್ಳದ ದಾರಿ ಹಿಡಿದು ಹೋಯಿತು. ನೀಲಗಂಗವ್ವ ಬಾಗಿಲಿಗೆ ಬಂದು ನೋಡಿದಳು.

"ನಾ ಕಾರಿಗೆ ಅಕ್ಕ ಅಲ್ಲಪಾ. ತಮ್ಮ ಬರಲಿ, ಬರ್ತೀನಿ" ಎಂದು ಕಾರಿನಲ್ಲಿ ಎಳ್ಳುಂಡಿ, ಶೇಂಗಾದ ಉಂಡಿ ಇಟ್ಟು ಕಳಿಸಿದಳು. ಉಂಡಿ ಬಂತು, ಅಕ್ಕ ಬರಲಿಲ್ಲ. ಮರುವರ್ಷವೂ ಹಾಗೆಯೇ ಆಯಿತು. ಆ ವರ್ಷ ಸಾಹುಕಾರ ಉಂಡಿ ಕೈಯಲ್ಲಿ ಹಿಡಿದುಕೊಂಡು ಅತ್ತ. ತಾಯಿ ಹೋದಾಗಲೂ ಅಳದವನು ಅತ್ತ. ತನ್ನನ್ನು ತಮ್ಮಾ ಎಂದು ಕರೆಯುವ ಜೀವ ಲೋಕದಲ್ಲಿ ಅದೊಂದೇ ಉಳಿದಿತ್ತು. ಇನ್ನೆಷ್ಟು ಪಂಚಮಿ ಉಳಿದಿವೆಯೋ ಯಾರಿಗೆ ಗೊತ್ತು?

ಆ ಕಣ್ಣೀರು ಕಂಡದ್ದು ಸೊಸೆಗೆ. ಅವಳು ಮಾವನನ್ನು ಪಟ್ಟಣದ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ರಕ್ತದೊತ್ತಡ ನೋಡಿದರು, ಹೃದಯ ನೋಡಿದರು, ನುಂಗುತ್ತಿದ್ದ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸುರುವಿಸಿ ಒಂದೆರಡನ್ನು ಬಿಡಿಸಿದರು. ಆಮೇಲೆ ಹೇಳಿದರು: "ಯಜಮಾನ್ರೇ, ದೇಹದ ಸಮತೋಲನ ಕಾಯುವ ಅಂಗ ಕಿವಿಯೊಳಗೆ ಇರುತ್ತೆ. ನಿಮ್ಮದು ಸ್ವಲ್ಪ ಸೋತಿದೆ. ಆದ್ರೆ ಮಿದುಳು ಮತ್ತೆ ಕಲಿಯುತ್ತೆ. ನೀವು ನಡೆದರೆ ಕಲಿಯುತ್ತೆ. ಕೂತೇ ಇದ್ರೆ ಹೇಗೆ ಕಲಿಯುತ್ತೆ ಹೇಳಿ?"

ಅಲ್ಲೇ ವ್ಯಾಯಾಮ ಕಲಿಸುವ ತಾಯಿಯೊಬ್ಬಳಿದ್ದಳು. ಅವಳು ಹೇಳಿಕೊಟ್ಟದ್ದು ಬಹಳ ಸರಳ. ಮೊದಲು ಕೂತು, ಚಾಚಿದ ಹೆಬ್ಬೆರಳ ಮೇಲೆ ಕಣ್ಣಿಟ್ಟು, ನಿಧಾನವಾಗಿ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು. ಅದು ರೂಢಿಯಾದ ಮೇಲೆ ಗೋಡೆಯ ಪಕ್ಕ ಪಾದ ಕೂಡಿಸಿ ನಿಲ್ಲುವುದು. ಕೊನೆಗೆ ಕೋಲು ಹಿಡಿದು, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು, ಅತ್ತ ಇತ್ತ ನೋಡುತ್ತಾ ನಡೆಯುವುದು. "ಸ್ವಲ್ಪ ತಲೆ ತಿರುಗುತ್ತೆ ಅಜ್ಜಾರೆ, ಹೆದರಬೇಡಿ. ನಿಂತ್ಕೊಳ್ಳಿ, ಇಳೀಲಿ, ಮತ್ತೆ ಮಾಡಿ. ದಿನಾ ಮಾಡಬೇಕು" ಎಂದಳು.

ಮನೆಗೆ ಬಂದು ಸಾಹುಕಾರ ಎದ್ದು ನಿಂತ. ಚೂರು ವಾಲಿದ. ತಕ್ಷಣ ಮಗ ಓಡಿ ಬಂದು, "ಬ್ಯಾಡ್ರಿ ಅಪ್ಪಾರ, ಕುಂದರ್ರಿ" ಎಂದು ಕೂಡಿಸಿಬಿಟ್ಟ. ಮರುದಿನವೂ ಅದೇ. ಮೂರನೆಯ ದಿನ ಸಾಹುಕಾರನೇ ಏಳಲಿಲ್ಲ. ಗಂಟೆಗೆ ಕೈ ಚಾಚಿದ.

ಗಂಟೆ ಇರಲಿಲ್ಲ!

ಸೊಸೆ ಅದನ್ನು ತೊಳೆದು ದೇವರ ಮುಂದೆ ಇಟ್ಟುಬಿಟ್ಟಿದ್ದಳು. ನೀರಿನ ತಂಬಿಗೆಯನ್ನು ಪಡಸಾಲೆಯ ಆಚೆ ತುದಿಯ ಮೇಜಿನ ಮೇಲೆ ಇಟ್ಟಿದ್ದಳು. ಅಲ್ಲಿಗೆ ಹೋಗುವ ದಾರಿಯಲ್ಲಿ ಗೋಡೆಗುಂಟ ಒಂದು ಹಗ್ಗ ಬಿಗಿದು ಕಟ್ಟಿದ್ದಳು, ಕಾಲಿಗೆ ತೊಡರುವ ಚಾಪೆ ತೆಗೆದಿದ್ದಳು, ತಾನು ಪಕ್ಕದಲ್ಲಿ ನಿಂತಿದ್ದಳು.

"ನೀರ್ ಕೊಡವಾ" ಎಂದ ಸಾಹುಕಾರ.

"ಅಲ್ಲೈತ್ರಿ ಮಾವಾರ. ನಾ ಬಾಜೂಕ ಬರ್ತೀನಿ, ನೀವು ನಡೀರಿ."

ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. ಅವಳ ಗಂಡನೂ ರೇಗಿದ. ನೆರೆಮನೆಯವರಿಗೆ ಕೇಳಬೇಕೇ? ಮಾವನಿಗೆ ನೀರು ಕೊಡದ ಸೊಸೆ ಎಂಬ ಹೆಸರು ಸಂಜೆಯೊಳಗೆ ನಾಲ್ಕು ಓಣಿ ತಿರುಗಿ ಬಂತು. ತಾಯಂದಿರೇ, ಸತ್ಯ ಹೇಳಿ, ನಿಮ್ಮ ಓಣಿಯಲ್ಲಾಗಿದ್ದರೆ ನೀವು ಏನೆನ್ನುತ್ತಿದ್ದಿರಿ? ನಗಬೇಡಿ. ಅದನ್ನೇ ಅನ್ನುತ್ತಿದ್ದಿರಿ.

ಅವಳು ತಂಬಿಗೆಯನ್ನು ಇದ್ದಲ್ಲೇ ಬಿಟ್ಟಳು. ಬಾಯಾರಿದ ಸಾಹುಕಾರ ಬೈಯುತ್ತಾ ಎದ್ದ, ಹಗ್ಗ ಹಿಡಿದ, ನಡೆದ, ತಂಬಿಗೆ ಎತ್ತಿ ಕುಡಿದ. ಎರಡು ವರ್ಷದಲ್ಲಿ ತಾನೇ ಎದ್ದು ಹೋಗಿ ಕುಡಿದ ಮೊದಲ ನೀರು ಅದು. ಕುಡಿದು ಮುಗಿಸಿದ ಮೇಲೆ ಬೈಗುಳ ಮರೆತು ಹೋಯಿತು. ಅಲ್ಲೇ ನಿಂತು ಇನ್ನೂ ಒಂದು ಗುಟುಕು ಕುಡಿದ.

ತಿಂಗಳೊಪ್ಪತ್ತಿನಲ್ಲಿ ಪಡಸಾಲೆ ರೂಢಿಯಾಯಿತು. ಆದರೆ ಹೊರಗೆ? ಸಾಹುಕಾರ ಅಡ್ಡಗಾಲು ಹಾಕಿದ. "ಕೋಲ ಹಿಡ್ಕೊಂಡು, ಆಟಿಗಿ ಗೊಂಬಿ ಹಂಗ ಗೋಣು ಹೊಳ್ಳಸ್ಕೋತ ಓಣ್ಯಾಗ ಹೋಗ್ಲೇನು? ಮಂದಿ ಎದ್ದು ನಿಲ್ತಿದ್ರು ನನ್ನ ನೋಡಿ. ಈಗ ನಗಬೇಕೇನು?"

ಸೊಸೆ ನೇಕಾರರ ಮನೆಯ ಮಗಳು. ಅವಳಿಗೊಂದು ಉಪಾಯ ಹೊಳೆಯಿತು. ನೇಕಾರರ ಓಣಿಯಲ್ಲಿ ಬೆಳಗ್ಗೆ ಸೀರೆಯ ಉದ್ದನೆಯ ಎಳೆಗಳನ್ನು ಬಿದಿರಿನ ಕವೆಗಳ ಮೇಲೆ ಓಣಿಯುದ್ದಕ್ಕೂ ಹಾಸಿ ಗಂಜಿ ಹಚ್ಚುತ್ತಾರೆ. ಅದಕ್ಕೆ ಹಾಸು ಎನ್ನುತ್ತಾರೆ. ಆ ಹಾಸಿನ ಪಕ್ಕ ನಡೆಯುವವರು ಹೇಗೆ ನಡೆಯುತ್ತಾರೆ? ಎಲ್ಲಿ ಎಳೆ ಹರಿದಿದೆ ಎಂದು ಎಡಕ್ಕೆ ನೋಡುತ್ತಾ, ಬಲಕ್ಕೆ ನೋಡುತ್ತಾ ನಡೆಯುತ್ತಾರೆ. ವ್ಯಾಯಾಮದ ತಾಯಿ ಹೇಳಿದ್ದೂ ಅದೇ ತಾನೇ?

"ಮಾವಾರ, ನಾಳೆ ಹಾಸು ನೋಡಾಕ ಬರ್ರಿ" ಎಂದಳು.

ಬಂದ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕಡೆ ಸೊಸೆ. ನಡೆಯುತ್ತಾ ಅತ್ತ ನೋಡಿದ, ಇತ್ತ ನೋಡಿದ. ಯಾರೂ ನಗಲಿಲ್ಲ. ಅಲ್ಲಿ ಎಲ್ಲರೂ ಹಾಗೆಯೇ ನಡೆಯುತ್ತಿದ್ದರು! ತಲೆ ತಿರುಗಿದಾಗ ನಿಂತ, ಇಳಿದ ಮೇಲೆ ನಡೆದ. ನಾಲ್ಕನೆಯ ದಿನ ಹರಿದ ಎಳೆಯೊಂದನ್ನು ಎಲ್ಲರಿಗಿಂತ ಮೊದಲು ಅವನೇ ಕಂಡ. "ಏ, ಇಲ್ಲಿ ಹರದೈತಿ ನೋಡ್ರಿ!" ಎಂದು ಕೂಗಿದ. ಹಾಸಿನ ಹೆಂಗಸೊಬ್ಬಳು, "ಸಾಹುಕಾರ್ರ ಕಣ್ಣು ಇನ್ನೂ ಚುರುಕ್ ಐತ್ರಿ. ನಾಳೆ ಲಗೂ ಬರ್ರಿ, ಕೆಲಸಕ್ಕ ಇಟ್ಕೋತೀವಿ" ಎಂದಳು. ಅವನು ಮನೆಗೆ ಬಂದು ಅದನ್ನು ಮೂರು ಸಲ ಹೇಳಿದ. ಮರುದಿನ ಸೊಸೆಗಿಂತ ಮೊದಲೇ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

ಆ ವರ್ಷ ಪಂಚಮಿ ಬಂತು. ಕಾರು ಹೊರಡಲಿಲ್ಲ. ಸಾಹುಕಾರ ಇಸ್ತ್ರಿ ಮಾಡಿದ ಧೋತರ ಉಟ್ಟ, ರುಮಾಲು ಸುತ್ತಿದ, ಕೋಲು ಹಿಡಿದ. ಹಿಂದೆ ಮಗ, ಸೊಸೆ. ಓಣಿ ದಾಟಿದ. ಅಕ್ಕನ ಮನೆಯ ಮುಂದೆ ಗಟಾರ, ಅದರ ಮೇಲೆ ಒಂದೇ ಒಂದು ಹಾಸುಗಲ್ಲು. ಕಲ್ಲಿನ ಮೇಲೆ ಕಾಲಿಟ್ಟ, ಕೆಳಗೆ ನೀರು ಹರಿಯುವುದನ್ನು ನೋಡಿದ. ತಲೆ ಗಿರ್ರೆಂದಿತು. ಮಗ ಎತ್ತಿಕೊಳ್ಳಲು ಮುಂದಾದ. ಸೊಸೆ ಗಂಡನ ಕೈ ಹಿಡಿದು ನಿಲ್ಲಿಸಿ, ತಾನು ಮಾವನ ಪಕ್ಕದಲ್ಲಿ ಕೈ ಚಾಚಿ ನಿಂತಳು. ಮುಟ್ಟಲಿಲ್ಲ. "ನಿಂದರ್ರಿ ಮಾವಾರ. ಬಾಗಲಾ ನೋಡ್ರಿ" ಎಂದಳು ಅಷ್ಟೇ. ಅವನು ನಿಂತ. ಕಣ್ಣೆತ್ತಿ ಬಾಗಿಲ ತೋರಣದ ಮೇಲೆ ದೃಷ್ಟಿ ಇಟ್ಟ. ತಿರುಗುವುದು ನಿಧಾನವಾಗಿ ಇಳಿಯಿತು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ದಾಟಿದ.

"ಯಕ್ಕಾ, ಕರಿಯಾಕ ಬಂದೀನಿ."

ನೀಲಗಂಗವ್ವ ಆಗಲೇ ಹೊಸ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲ ಒಳಗೇ ನಿಂತಿದ್ದಳು. "ಎರಡ್ ವರ್ಷ ತಡಾ ಮಾಡಿದೆಲ್ಲೋ ತಮ್ಮಾ" ಎಂದಳು. ಆಮೇಲೆ ಹೊಸ್ತಿಲ ಮೇಲೆ ನಿಂತು ಕೈ ಚಾಚಿದಳು. "ಹಿಡ್ಕೋಪಾ. ನನಗೂ ವರ್ಷಾತು ತಲಿ ತಿರಗಾಕ ಹತ್ತಿ. ಹೇಳಿದ್ರ ನನಗೂ ಒಂದು ಕುರ್ಚಿ ತರ್ತಾರಂತ ಸುಮ್ನಿದ್ದೆ."

ಇಬ್ಬರೂ ಕೈ ಕೈ ಹಿಡಿದು, ಆ ಕಲ್ಲು ದಾಟಿ, ಓಣಿಯುದ್ದಕ್ಕೂ ನಡೆದು ತವರಿಗೆ ಬಂದರು. ಒಂದೇ ಓಣಿಗೆ ಅರ್ಧ ತಾಸು ಹಿಡಿಯಿತು, ಹಿಡಿಯಲಿ! ಪಂಚಮಿಗೆ ಕಟ್ಟುವ ಜೋಕಾಲಿ ಮಾತ್ರ ಬೇಡವೇ ಬೇಡ ಎಂದು ಇಬ್ಬರೂ ಕೈ ಮುಗಿದರಂತೆ. ಪಂಚಮಿ ಮುಗಿದ ಮೇಲೆ ಸೊಸೆ ನೀಲಗಂಗವ್ವನನ್ನೂ ಅದೇ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಈಗ ಹಾಸಿನ ಪಕ್ಕ ಇಬ್ಬರು ನಡೆಯುತ್ತಾರೆ.

ಈಗ ಹೇಳಿ. ಆ ಮನೆಯಲ್ಲಿ ಸೇವೆ ಮಾಡಿದವರು ಯಾರು? ಗಂಟೆ ಇಟ್ಟ ಮಗನೋ, ಗಂಟೆ ಎತ್ತಿದ ಸೊಸೆಯೋ? ಮಗ ಕೆಟ್ಟವನಲ್ಲ. ಅವನ ಪ್ರೀತಿ ನಿಜ. ಆದರೆ ಅಪ್ಪ ಬೀಳಬಾರದು ಎಂದು ನೋಡಿದನೇ ಹೊರತು, ಅಪ್ಪ ನಡೆಯಬೇಕು ಎಂಬುದನ್ನು ಮರೆತ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಂಥ ಗಂಟೆ ಇದೆ? ಹಿತ್ತಾಳೆಯದೇ ಇರಬೇಕೆಂದಿಲ್ಲ. ನೀವು ಏಳಬೇಡಿ, ನಾವಿದ್ದೇವಲ್ಲ ಎಂಬ ಮಾತೂ ಗಂಟೆಯೇ.

ಇವತ್ತು ಮನೆಗೆ ಹೋಗಿ ಅದನ್ನು ಎತ್ತಿಡಿ. ಹಾಗಂತ ನಾಳೆ ಬೆಳಗ್ಗೆ ಅಜ್ಜಿಯನ್ನು ಎಬ್ಬಿಸಿ ಓಣಿಗೆ ಅಟ್ಟಬೇಡಿ, ಸ್ವಾಮಿಗಳು ಹೇಳಿದರು ಎಂದು ನನ್ನ ಹೆಸರು ಕೆಡಿಸಬೇಡಿ! ಮೊದಲು ಡಾಕ್ಟರಿಗೆ ತೋರಿಸಿ. ತಲೆ ತಿರುಗುವುದಕ್ಕೆ ಹತ್ತು ಕಾರಣ ಇರುತ್ತವೆ. ವಯಸ್ಸಾಯಿತು ಎಂದು ನೀವೇ ತೀರ್ಮಾನ ಕೊಡಬೇಡಿ. ಬಚ್ಚಲಲ್ಲಿ ಹಿಡಿಯಲು ಒಂದು ಸರಳು ಹಾಕಿಸಿ, ಜಾರುವ ಚಾಪೆ ತೆಗೆಯಿರಿ. ಹಿರಿಯರನ್ನು ಹಿಂದಿನಿಂದ ಕೂಗಬೇಡಿ, ಎದುರಿಗೆ ಬಂದು ಮಾತಾಡಿಸಿ. ದಿನಕ್ಕೆ ಒಂದಿಷ್ಟು ಹೊತ್ತು ಅವರ ಪಕ್ಕದಲ್ಲಿ ಅವರ ವೇಗಕ್ಕೆ ನಡೆಯಿರಿ. ಇದು ಕಷ್ಟ, ಯಾಕೆಂದರೆ ನಮಗೆಲ್ಲ ಅವಸರ. ಎತ್ತಿ ಕೂಡಿಸುವುದಕ್ಕೆ ಒಂದು ನಿಮಿಷ ಸಾಕು, ಕಾಯುವುದಕ್ಕೆ ತಾಳ್ಮೆ ಬೇಕು. ಹಿರಿಯರೇ, ನಿಮಗೂ ಒಂದು ಮಾತು. ಕೋಲು ಹಿಡಿದರೆ ಮಾನ ಹೋಗುವುದಿಲ್ಲ. ತಲೆ ತಿರುಗುವುದನ್ನು ಮುಚ್ಚಿಡಬೇಡಿ. ನಿಮ್ಮ ದಾರಿ ಕಾಯುವವರು ಯಾರೋ ಚೀಲ ಹಿಡಿದು ಬಾಗಿಲಲ್ಲಿ ನಿಂತಿರಬಹುದು.

ಮಾತು ಮುಗಿಯಿತು. ದಿನವೂ ಈ ಹೊತ್ತಿಗೆ ನನ್ನ ಎರಡೂ ರಟ್ಟೆ ಹಿಡಿದು ಎತ್ತುವ ಶಿಷ್ಯರಿಬ್ಬರು ಇಗೋ ಬಂದರು. ನನಗೂ ಎಪ್ಪತ್ತೊಂಬತ್ತು, ನನಗೂ ವೇದಿಕೆಯ ಈ ಮೂರು ಮೆಟ್ಟಿಲೆಂದರೆ ಅಂಜಿಕೆ. ಅಪ್ಪಗಳಿರಾ, ಇವತ್ತು ಹಿಡಿಯಬೇಡಿ. ಪಕ್ಕದಲ್ಲಿ ನಿಲ್ಲಿ, ಸಾಕು. ಆ ಕೋಲು ಇತ್ತ ಕೊಡಿ. ಸಭೆಯಲ್ಲಿ ಕೂತ ಮಕ್ಕಳೇ, ನೀವೂ ನಿಮ್ಮ ಪಕ್ಕದ ಹಿರಿಯರಿಗೆ ಕೈ ಚಾಚಿ ಕಾಯಿರಿ. ಯಾರಿಗೂ ಅವಸರವಿಲ್ಲ. ನಾವು ಏಳುತ್ತೇವೆ.